ಪ್ರಕಟನೆ ಪುಸ್ತಕವನ್ನು ಸಭೆಯಲ್ಲಿ ಬೋಧಿಸುವುದು ಹೇಗೆ?

ಪ್ರಶ್ನೆ: ನಾನು ಮೂರು ವರ್ಷಗಳಿಂದ ಒಂದು ಸಣ್ಣ ಸಭೆಯ ಪಾಲಕನಾಗಿದ್ದೇನೆ. ಎಂಟು ಭಾನುವಾರ ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯ ಮೇಲೆ ಪ್ರಸಂಗ ಮಾಡಬೇಕೆಂದು ಸಭೆಯ ಹಿರಿಯರು ಕೇಳಿದ್ದಾರೆ. ಅವರಲ್ಲಿ ಒಬ್ಬರಿಗೆ ಈಗ ನಡೆಯುತ್ತಿರುವ ಯುದ್ಧಗಳು ಅದರಲ್ಲಿ ಹೇಳಿರುವ ಸುರುಳಿಯ ಏಳು ಮುದ್ರೆಗಳಲ್ಲಿ ಎಷ್ಟನೆಯದಕ್ಕೆ ಸೇರಿದವು ಎಂದು ತಿಳಿಯಬೇಕಾಗಿದೆ. ಇನ್ನೊಬ್ಬರು ಆ ಪುಸ್ತಕದ ತಂಟೆಯೇ ಬೇಡ ಎನ್ನುತ್ತಾರೆ. ಪುಸ್ತಕದಲ್ಲಿ ಬರುವ ಮೃಗದ ಗುರುತು ಮತ್ತು ಅದರ ಸಂಖ್ಯೆ 666ರ ಬಗ್ಗೆ ಮೊಬೈಲಿಗೆ ದಿನಕ್ಕೊಂದು ವಿಡಿಯೊ ಬರುತ್ತದೆ: ಬಾರ್‌ಕೋಡ್ ಎಂದರೆ 666, ಲಸಿಕೆಯೇ ಮೃಗದ ಗುರುತು, ಚರ್ಮದಡಿ ಇಡುವ ಚಿಪ್ಪೇ ಗುರುತು ಎಂದು. ನಮ್ಮ ಸಭೆಯ ಹನ್ನೊಂದು ವರ್ಷದ ಹುಡುಗಿಯೊಬ್ಬಳು, ಶಾಲೆಯಿಂದ ಬಂದಾಗ ಮನೆಯಲ್ಲಿ ಯಾರೂ ಕಾಣದಿದ್ದರೆ, ಎಲ್ಲರೂ ಕ್ರಿಸ್ತನ ಬಳಿಗೆ ಎತ್ತಲ್ಪಟ್ಟು ತಾನೊಬ್ಬಳೇ ಉಳಿದುಬಿಟ್ಟೆನೆಂದು ಅಳುತ್ತಾಳಂತೆ. ನನ್ನ ಬಳಿಯಿರುವ ಎರಡು ವ್ಯಾಖ್ಯಾನಗಳು ಪುಟಪುಟಕ್ಕೂ ಒಂದಕ್ಕೊಂದು ವಿರುದ್ಧವಾಗಿವೆ. ಈ ಪುಸ್ತಕವನ್ನು ಹೇಗೆ ಓದಬೇಕು? ಬೋಧಿಸುವುದಾದರೆ ಹೇಗೆ? ಬಿಟ್ಟುಬಿಡುವುದೇ ಲೇಸೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ ಎಂದು ಮೇಲ್ನೋಟಕ್ಕೆ ಕಂಡರೂ ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಒಂದೇ: ಬಾಯಿ ತೆರೆದರೆ ಜನರ ಭಯಕ್ಕೆ ತುಪ್ಪ ಸುರಿದಂತಾಗುತ್ತದೆಯೋ, ಸುಮ್ಮನಿದ್ದರೆ ಅವರನ್ನು ಮೊಬೈಲಿನ ಕೈಗೆ ಒಪ್ಪಿಸಿದಂತಾಗುತ್ತದೆಯೋ ಎಂಬ ಇಕ್ಕಟ್ಟು. ಈ ಇಕ್ಕಟ್ಟಿನಲ್ಲಿ ಸಿಲುಕಿದವರಲ್ಲಿ ನೀವು ಮೊದಲಿಗರಲ್ಲ. 1522ರಲ್ಲಿ ಜರ್ಮನಿಯ ಸಭಾಸುಧಾರಕ ಮಾರ್ಟಿನ್ ಲೂಥರ್ ತನ್ನ ಹೊಸ ಒಡಂಬಡಿಕೆಯ ಅನುವಾದಕ್ಕೆ ಮುನ್ನುಡಿ ಬರೆಯುವಾಗ, ಈ ಪುಸ್ತಕದಲ್ಲಿ ಕ್ರಿಸ್ತನನ್ನು ಬೋಧಿಸಲಾಗಿಲ್ಲ ಎಂದು ಖಂಡಿತವಾಗಿ ಹೇಳಿ, 1530ರಲ್ಲಿ ಆ ಮುನ್ನುಡಿಯನ್ನು ತೆಗೆದು ಬೇರೊಂದನ್ನು ಬರೆಯಬೇಕಾಯಿತು. ಸತ್ಯವೇದದ ಬಹುತೇಕ ಪುಸ್ತಕಗಳಿಗೆ ವ್ಯಾಖ್ಯಾನ ಬರೆದ, ಅದೇ ಶತಮಾನದ ಇನ್ನೊಬ್ಬ ಸುಧಾರಕ ಕ್ಯಾಲ್ವಿನ್ ಇದಕ್ಕೆ ಬರೆಯಲೇ ಇಲ್ಲ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಇದನ್ನು ಪವಿತ್ರ ಗ್ರಂಥವೆಂದು ಒಪ್ಪಿದರೂ ಆರಾಧನೆಯ ನಿಯತ ಪಾಠಗಳಲ್ಲಿ ಸೇರಿಸಿಕೊಂಡಿಲ್ಲ. ಆದ್ದರಿಂದ ‘ತಂಟೆಯೇ ಬೇಡ’ ಎನ್ನುವ ನಿಮ್ಮ ಹಿರಿಯರನ್ನು ವಿಶ್ವಾಸ ಕಡಿಮೆಯಾದವರೆಂದು ಎಣಿಸಬೇಡಿ. ಅವರ ಅಳುಕಿಗೆ ದೊಡ್ಡ ಪರಂಪರೆಯೇ ಇದೆ. ಆದರೂ ನಾನು ಅವರ ಪಕ್ಷದವನಲ್ಲ.

ಮೊದಲು ಮೊಬೈಲಿನ ಮಾತನ್ನು ಮುಗಿಸಿಬಿಡೋಣ. ಬಾರ್‌ಕೋಡಿನ ಆರಂಭ, ನಡು ಮತ್ತು ಕೊನೆಯಲ್ಲಿರುವ ಜೋಡಿಗೆರೆಗಳು 6 ಎಂಬ ಅಂಕಿಯ ಗೆರೆಗಳನ್ನು ಹೋಲುತ್ತವೆ ಎಂಬುದಷ್ಟೇ ಆ ವದಂತಿಯ ಬಂಡವಾಳ. ಅವು ಅಂಕಿಗಳಲ್ಲ, ಸಂಕೇತ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಯಂತ್ರಕ್ಕೆ ತಿಳಿಸುವ ಗಡಿಗುರುತುಗಳು. ಚಿಪ್ಪು, ಲಸಿಕೆ, ಹಣ ಪಾವತಿಸುವ ಹೊಸ ವಿಧಾನಗಳ ವಿಷಯದಲ್ಲಿ ಒಂದೊಂದಕ್ಕೂ ಬೇರೆ ಬೇರೆ ಉತ್ತರ ಕೊಡುತ್ತ ಕೂರುವ ಅಗತ್ಯವಿಲ್ಲ, ಏಕೆಂದರೆ ವಚನವೇ ಒಂದು ಉತ್ತರವನ್ನು ಕೊಟ್ಟಿದೆ. 13 ಮತ್ತು 14ನೆಯ ಅಧ್ಯಾಯಗಳನ್ನು ಒಟ್ಟಿಗೆ ಓದಿದರೆ, ಗುರುತು ಬಂದಲ್ಲೆಲ್ಲ ಮೃಗಕ್ಕೋ ಅದರ ವಿಗ್ರಹಕ್ಕೋ ಮಾಡುವ ಆರಾಧನೆ ಅದರ ಜೊತೆಯಲ್ಲೇ ಬರುವುದು ಕಾಣುತ್ತದೆ. ಯಾರೂ ಅರಿಯದೆ, ನಿದ್ದೆಯಲ್ಲಿ, ಆಸ್ಪತ್ರೆಯ ಸೂಜಿಯಿಂದ, ಅಂಗಡಿಯ ಯಂತ್ರದಿಂದ ಮೃಗದ ಆರಾಧಕರಾಗುವುದಿಲ್ಲ. ಇದನ್ನು ಸಭೆಯಲ್ಲಿ ಒಮ್ಮೆ ಸ್ಪಷ್ಟವಾಗಿ ಹೇಳಿ; ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಇನ್ನೊಂದು ಸಂಗತಿಯನ್ನೂ ಜನರಿಗೆ ತೋರಿಸಿ. ನಮ್ಮ ಸತ್ಯವೇದಗಳಲ್ಲಿರುವ ಅಧ್ಯಾಯ ವಿಭಾಗ ಮೂಲದಲ್ಲಿರಲಿಲ್ಲ, ಅದು 13ನೆಯ ಶತಮಾನದ ಆರಂಭದ ಕೆಲಸ. ಆ ವಿಭಾಗವನ್ನು ಬೆರಳಿನಿಂದ ಮುಚ್ಚಿ ಓದಿದರೆ, 666 ಎಂಬ ಸಂಖ್ಯೆ ಬಂದ ಮರುವಾಕ್ಯದಲ್ಲೇ ಕುರಿಮರಿಯ, ಅಂದರೆ ಕ್ರಿಸ್ತನ, ಹೆಸರನ್ನೂ ತಂದೆಯ ಹೆಸರನ್ನೂ ಹಣೆಯ ಮೇಲೆ ಬರೆಸಿಕೊಂಡವರು ಕಾಣಿಸಿಕೊಳ್ಳುತ್ತಾರೆ. ಆ ಎರಡನೆಯ ಹೆಸರನ್ನು ಯಾರೂ ಹಚ್ಚೆಯೆಂದೋ ಚಿಪ್ಪೆಂದೋ ಅರ್ಥಮಾಡುವುದಿಲ್ಲ. ದೇವರ ಆಜ್ಞೆಗಳನ್ನು ಕೈಗೆ ಕಟ್ಟಿಕೊಳ್ಳಬೇಕು, ಹಣೆಯಲ್ಲಿ ಧರಿಸಿಕೊಳ್ಳಬೇಕು ಎಂಬ ಧರ್ಮೋಪದೇಶಕಾಂಡ 6ರ ಮಾತಿನ ನೆನಪು ಅಲ್ಲಿದೆ ಎಂದು ಸುಲಭವಾಗಿ ಒಪ್ಪುತ್ತೇವೆ. ಒಂದು ಹಣೆಯ ಬರಹವನ್ನು ಸಂಕೇತವೆಂದೂ ಪಕ್ಕದ ಹಣೆಯ ಬರಹವನ್ನು ಯಂತ್ರವೆಂದೂ ಓದುವುದಕ್ಕೆ ಪುಸ್ತಕ ಎಲ್ಲಿಯೂ ಅನುಮತಿ ಕೊಟ್ಟಿಲ್ಲ.

ಹಾಗಾದರೆ ಆ ಸಂಖ್ಯೆ ಏನು? ಹೀಬ್ರೂ ಮತ್ತು ಗ್ರೀಕ್ ಭಾಷೆಗಳಲ್ಲಿ ಅಕ್ಷರಗಳೇ ಅಂಕಿಗಳಾಗಿದ್ದುದರಿಂದ ಪ್ರತಿಯೊಂದು ಹೆಸರಿಗೂ ಒಂದು ಮೊತ್ತವಿತ್ತು. ಪ್ರಾಚೀನ ರೋಮನ್ ಪಟ್ಟಣ ಪೊಂಪೇಯ ಒಂದು ಗೋಡೆಯ ಮೇಲೆ, ಯಾರ ಸಂಖ್ಯೆ 545 ಆಗಿದೆಯೋ ಅವಳನ್ನು ನಾನು ಪ್ರೀತಿಸುತ್ತೇನೆ ಎಂದು ಒಬ್ಬ ಪ್ರೇಮಿ ಗೀಚಿಟ್ಟಿದ್ದಾನೆ. ಆ ಕಾಲದವರಿಗೆ ಇದು ಅಷ್ಟು ಪರಿಚಿತವಾದ ಆಟವಾಗಿತ್ತು. ಕ್ರೈಸ್ತರನ್ನು ಹಿಂಸಿಸಿದ ರೋಮಿನ ಚಕ್ರವರ್ತಿ ‘ನೀರೋ ಕೈಸರ’ನ ಹೆಸರನ್ನು ಗ್ರೀಕ್ ಉಚ್ಚಾರಣೆಯಂತೆ ‘ನೆರೋನ್ ಕೇಸರ್’ ಎಂದು ಹೀಬ್ರೂ ಅಕ್ಷರಗಳಲ್ಲಿ ಬರೆದರೆ 50, 200, 6, 50, ಬಳಿಕ 100, 60, 200, ಒಟ್ಟು 666. ಲತೀನ್ ಉಚ್ಚಾರಣೆಯಂತೆ ಕೊನೆಯ ‘ನ್’ ಬಿಟ್ಟರೆ 50 ಕಳೆದು 616 ಉಳಿಯುತ್ತದೆ. ಸ್ವಾರಸ್ಯವೇನೆಂದರೆ, ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ 666ರ ಬದಲು 616 ಎಂದೇ ಇದೆ, ಮತ್ತು ಎರಡನೆಯ ಶತಮಾನದ ಸಭಾಪಾಲಕ ಐರೇನಿಯಸ್‌ಗೂ ಆ ಪಾಠಭೇದ ಗೊತ್ತಿತ್ತು. ಅವನು ಅದನ್ನು ತಪ್ಪೆಂದು ತಳ್ಳಿಹಾಕಿದ. ಎರಡು ಮೊತ್ತಗಳೂ ಒಂದೇ ಹೆಸರಿಗೆ ಹೊಂದುವುದರಿಂದ ಇಂದಿನ ಹೆಚ್ಚಿನ ವಿದ್ವಾಂಸರು ನೀರೋ ಎಂಬ ಓದಿಗೆ ಒಲಿಯುತ್ತಾರೆ, ನಾನೂ ಒಲಿಯುತ್ತೇನೆ. ಇದರಲ್ಲಿ ಒಂದು ತೊಡಕಿದೆ: ಐರೇನಿಯಸ್ ಸ್ವತಃ ನೀರೋನ ಹೆಸರನ್ನು ಎತ್ತುವುದಿಲ್ಲ, ಈ ದರ್ಶನ ದೊಮಿತಿಯನ್ ಚಕ್ರವರ್ತಿಯ ಆಳ್ವಿಕೆಯ ಕೊನೆಯಲ್ಲಿ, ಅಂದರೆ ಸುಮಾರು ಕ್ರಿ.ಶ. 95ರಲ್ಲಿ, ಉಂಟಾಯಿತೆಂದು ಹೇಳುತ್ತಾನೆ. ನೀರೋ ಸತ್ತದ್ದು 68ರಲ್ಲಿ. ಸತ್ತ ದುಷ್ಟನ ಹೆಸರು ಮುಂದಿನ ದುಷ್ಟನಿಗೆ ಅಡ್ಡಹೆಸರಾಗುವುದು ಹೊಸತಲ್ಲವಾದ್ದರಿಂದ ಈ ತೊಡಕು ನನಗೆ ದೊಡ್ಡದಾಗಿ ಕಾಣುವುದಿಲ್ಲ. ನಿಮಗೆ ದೊಡ್ಡದೆನಿಸಿದರೆ ಪ್ರಸಂಗಪೀಠದಿಂದ ಅದನ್ನು ಮುಚ್ಚಿಡಬೇಡಿ.

ಸಭೆಯ ಜನ ಪ್ರಕಟನೆಯಲ್ಲೇ ಇದೆಯೆಂದು ನಂಬಿರುವ ಕೆಲವು ಮಾತುಗಳು ಅಲ್ಲಿಲ್ಲ ಎಂಬುದನ್ನೂ ತಿಳಿದಿರಿ. ‘ಕ್ರಿಸ್ತವಿರೋಧಿ’ ಎಂಬ ಪದ ಬರುವುದು ಯೋಹಾನನ ಮೊದಲನೆಯ ಮತ್ತು ಎರಡನೆಯ ಪತ್ರಗಳಲ್ಲಿ ಮಾತ್ರ, ಅದೂ ಬಹುವಚನದಲ್ಲಿ ಸಹ. ಹರ್ಮಗೆದ್ದೋನ್ ಎಂಬ ಹೆಸರು ಇರುವುದು ಒಂದೇ ಒಂದು ಕಡೆ, 16:16ರಲ್ಲಿ. ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆಯ ಮಾತು ಸತ್ಯವೇದದಲ್ಲೆಲ್ಲ 20ನೆಯ ಅಧ್ಯಾಯದ ಕೆಲವೇ ವಚನಗಳಲ್ಲಿದೆ. ಸಭೆ ಎತ್ತಲ್ಪಡುವುದರ ವಿಷಯಕ್ಕೆ ಮುಂದೆ ಬರುತ್ತೇನೆ.

ನಿಮ್ಮ ಎರಡು ವ್ಯಾಖ್ಯಾನಗಳು ಜಗಳವಾಡುತ್ತಿರುವುದಕ್ಕೆ ಕಾರಣ, ಅವುಗಳ ಕರ್ತರು ವಚನಕ್ಕೆ ಬರುವ ಮೊದಲೇ ಒಂದು ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಟ್ಟುಕೊಂಡಿರುವುದು: ಈ ದರ್ಶನಗಳು ಯಾವ ಕಾಲದವು? ಮೊದಲನೆಯ ಶತಮಾನದ ರೋಮಿನವು ಎನ್ನುವವರಿದ್ದಾರೆ. ಇವರ ಓದು ಚರಿತ್ರೆಗೆ ನಿಷ್ಠವಾದದ್ದು, ಆದರೆ ಕೇಳುವವನಿಗೆ ‘ಅದೆಲ್ಲ ಆಗಿಹೋಯಿತಲ್ಲ, ನನಗೇನು?’ ಎನಿಸುವ ಅಪಾಯವಿದೆ. ಅಪೊಸ್ತಲರ ಕಾಲದಿಂದ ಲೋಕಾಂತ್ಯದವರೆಗಿನ ಸಭೆಯ ಚರಿತ್ರೆಯನ್ನೇ ಸಾಲಾಗಿ ಬಿಡಿಸಿಟ್ಟಿದೆ ಎನ್ನುವವರು ಒಂದು ಕಾಲದಲ್ಲಿ ಬಹಳ ಮಂದಿ ಇದ್ದರು. ಪ್ರತಿ ತಲೆಮಾರಿನಲ್ಲೂ ಆ ಸಾಲನ್ನು ಅಳಿಸಿ ಮತ್ತೆ ಬರೆಯಬೇಕಾಗಿ ಬಂದುದರಿಂದ ಈ ಪಕ್ಷ ತಾನಾಗಿಯೇ ಸೊರಗಿತು. ನಾಲ್ಕನೆಯ ಅಧ್ಯಾಯದಿಂದಾಚೆಗೆ ಹೆಚ್ಚಿನದೆಲ್ಲ ಇನ್ನೂ ಬರಬೇಕಾದದ್ದು ಎನ್ನುವುದು ಇಂದು ಜನರಿಗೆ ಅತ್ಯಂತ ಪರಿಚಿತವಾದ ಓದು. ಕ್ರಿಸ್ತನು ಮರಳಿ ಬರುತ್ತಾನೆಂಬ ನಿರೀಕ್ಷೆಯನ್ನು ಅದು ಬಿಗಿಯಾಗಿ ಹಿಡಿದಿದೆ, ಅದು ಅದರ ಬಲ. ಆದರೆ ಈ ಪುಸ್ತಕವನ್ನು ಪತ್ರವಾಗಿ ಪಡೆದ ಊರುಗಳಲ್ಲಿ ಒಂದಾದ ಸ್ಮುರ್ನದಲ್ಲಿ ಸೆರೆಮನೆಯ ಬಾಗಿಲಲ್ಲಿ ನಿಂತಿದ್ದ ವಿಶ್ವಾಸಿಗೆ, ನಿನಗೆ ಬಂದ ಪತ್ರದ ಬಹುಪಾಲು ಎರಡು ಸಾವಿರ ವರ್ಷಗಳ ನಂತರದವರಿಗೆ ಸೇರಿದ್ದು ಎಂದು ಹೇಳಿದಂತಾಗುತ್ತದೆ. ಕೊನೆಯವರು, ಇವು ಯಾವ ಒಂದು ಕಾಲಕ್ಕೂ ಸೇರಿದವಲ್ಲ, ಎಲ್ಲ ಕಾಲಕ್ಕೂ ಸಲ್ಲುವ ಚಿತ್ರಗಳು ಎನ್ನುತ್ತಾರೆ. ಬೋಧಕನಿಗೆ ಇದು ಅತಿ ಸುಲಭ, ಆ ಸುಲಭವೇ ಇದರ ದೋಷ: ಎಲ್ಲರಿಗೂ ಸಲ್ಲುವ ಮೃಗ ಯಾರನ್ನೂ ಕಚ್ಚುವುದಿಲ್ಲ.

ನಾನು ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟು. ಇದು ಪತ್ರ. 1:4ರಲ್ಲಿ ಬರೆದವನ ಹೆಸರೂ ಪಡೆದವರ ವಿಳಾಸವೂ ಇದೆ: ಆಸ್ಯ ಸೀಮೆಯ, ಅಂದರೆ ಇಂದಿನ ಟರ್ಕಿಯ ಪಶ್ಚಿಮ ಭಾಗದ, ಏಳು ಸಭೆಗಳು. ಮೊದಲು ಅವರ ಕಿವಿಯಿಂದ ಕೇಳಬೇಕು. ‘ಕೊಳ್ಳುವುದಕ್ಕಾಗಲಿ ಮಾರುವುದಕ್ಕಾಗಲಿ’ ಗುರುತು ಬೇಕೆಂಬ ಮಾತು ಥುವತೈರದ ಕುಶಲಕರ್ಮಿಯ ಕಿವಿಗೆ ಹೇಗೆ ಬಿದ್ದಿರಬಹುದು ಎಂದು ಯೋಚಿಸಿ. ಆ ಊರು ಕಸುಬುದಾರರ ಸಂಘಗಳ ಊರು; ಸಂಘದ ಊಟ ದೇವಾಲಯದಲ್ಲಿ, ವಿಗ್ರಹಕ್ಕೆ ಅರ್ಪಿಸಿದ ಮಾಂಸದೊಡನೆ ನಡೆಯುತ್ತಿತ್ತು; ಊಟಕ್ಕೆ ಹೋಗದವನಿಗೆ ಸಂಘದಲ್ಲಿ ಜಾಗವಿಲ್ಲ, ಸಂಘದಲ್ಲಿ ಜಾಗವಿಲ್ಲದವನ ಸರಕಿಗೆ ಗಿರಾಕಿ ಕಷ್ಟ. ‘ಗುರುತು’ ಎಂದು ನಾವು ಅನುವಾದಿಸಿರುವ ಗ್ರೀಕ್ ಪದವನ್ನು ಅಚ್ಚೊತ್ತಿದ ಮುದ್ರೆಗೆ ಬಳಸುತ್ತಿದ್ದರು, ಕೈಯಲ್ಲಿ ಓಡಾಡುವ ನಾಣ್ಯದ ಮೇಲೆ ಚಕ್ರವರ್ತಿಯ ಮುಖವೇ ಅಚ್ಚಾಗಿತ್ತು. ಪೆರ್ಗಮದಲ್ಲಂತೂ ಕ್ರಿ.ಪೂ. 29ರಲ್ಲೇ ಅಗಸ್ಟಸ್‌ಗೂ ರೋಮಿಗೂ ದೇವಾಲಯ ಕಟ್ಟುವ ಅನುಮತಿ ಸಿಕ್ಕಿತ್ತು. ಹೊಟ್ಟೆಪಾಡಿಗಾಗಿ ಎಷ್ಟು ದೂರದವರೆಗೆ ಬಗ್ಗಬಹುದು ಎಂಬುದು ಅವರ ಪ್ರಶ್ನೆಯಾಗಿತ್ತು. ಅದು ನಿಮ್ಮ ಸಭೆಯವರ ಪ್ರಶ್ನೆಯೂ ಅಲ್ಲವೇ? ಹೀಗೆ ಕೇಳಿದ ಮೇಲೆ ಅದೇ ಮೃಗದ ಚಹರೆಯನ್ನು ಬೇರೆ ಕಾಲಗಳಲ್ಲೂ ಗುರುತಿಸಬಹುದು, ಕೊನೆಯ ಎರಡು ಅಧ್ಯಾಯಗಳ ಹೊಸ ಆಕಾಶ ಹೊಸ ಭೂಮಿಯನ್ನು ಇನ್ನೂ ಬರಬೇಕಾದದ್ದೆಂದೇ ಎದುರುನೋಡಬಹುದು. ಮೊದಲ ಹೆಜ್ಜೆಯನ್ನು ಹಾರಿ ಎರಡನೆಯದಕ್ಕೆ ಹೋದವರೇ ಎಡವಿದವರು.

ಎರಡನೆಯ ಸಲಹೆ, ಚಿತ್ರಗಳ ಅರ್ಥವನ್ನು ಪತ್ರಿಕೆಯಲ್ಲಿ ಹುಡುಕುವ ಮೊದಲು ಹಳೆಯ ಒಡಂಬಡಿಕೆಯಲ್ಲಿ ಹುಡುಕಿ. ಪ್ರಕಟನೆಯ ಸುಮಾರು 404 ವಚನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹಳೆಯ ಒಡಂಬಡಿಕೆಯ ಮಾತುಗಳನ್ನು ಪ್ರತಿಧ್ವನಿಸುತ್ತವೆ, ಆದರೂ ‘ಎಂದು ಬರೆದಿದೆ’ ಎಂದು ಹೇಳಿ ಉದ್ಧರಿಸಿದ ವಚನ ಒಂದೂ ಇಲ್ಲ. 13ನೆಯ ಅಧ್ಯಾಯದ ಮೃಗಕ್ಕೆ ಚಿರತೆಯ ಮೈ, ಕರಡಿಯ ಕಾಲು, ಸಿಂಹದ ಬಾಯಿ. ದಾನಿಯೇಲ 7ರಲ್ಲಿ ಬಿಡಿಬಿಡಿಯಾಗಿದ್ದ ಸಾಮ್ರಾಜ್ಯಗಳೆಲ್ಲ ಸೇರಿ ಒಂದೇ ಪ್ರಾಣಿಯಾಗಿವೆ. ಸೂರ್ಯ ಕಪ್ಪಾಗುವುದು, ನಕ್ಷತ್ರಗಳು ಕಂದುವುದು ಯೆಶಾಯ 13ರಲ್ಲಿ ಬಾಬೆಲಿನ ಪತನಕ್ಕೆ ಹೇಳಿದ ಮಾತು; ಕ್ರಿ.ಪೂ. 539ರಲ್ಲಿ ಬಾಬೆಲ್ ಬಿದ್ದಾಗ ಸೂರ್ಯ ಎಂದಿನಂತೆ ಮೂಡಿದ್ದ. ಚಂದ್ರನು ರಕ್ತವಾಗುವನೆಂಬ ಯೋವೇಲನ ಮಾತನ್ನು ಪೇತ್ರನು ಪಂಚಾಶತ್ತಮ ದಿನದ ಬೆಳಿಗ್ಗೆ ಎತ್ತಿ, ಅದು ಇದೇ ಎನ್ನುತ್ತಾನೆ. ಒಂದು ಅಧಿಕಾರ ಕುಸಿಯುವುದನ್ನು ಆಕಾಶವೇ ಕುಸಿದಂತೆ ಹೇಳುವುದು ಪ್ರವಾದಿಗಳ ನುಡಿಗಟ್ಟು. ಗ್ರಹಣದ ಪಂಚಾಂಗ ಹಿಡಿದು ಇದನ್ನು ಓದುವವರು ಶ್ರದ್ಧೆಯುಳ್ಳವರೇ ಇರಬಹುದು, ಆದರೆ ಭಾಷೆ ತಪ್ಪಿದ್ದಾರೆ.

ಕ್ರಿಸ್ತನು ಮರಳಿ ಬರುವ ದಿನಾಂಕ ಹೇಳುವುದರ ಗತಿಯನ್ನು ನಿಮ್ಮ ಯುದ್ಧಪ್ರಿಯ ಹಿರಿಯರಿಗೆ ಸೌಮ್ಯವಾಗಿ ನೆನಪಿಸಿ. ದಾನಿಯೇಲ 8:14ರ 2300 ದಿನಗಳನ್ನು ವರ್ಷಗಳೆಂದು ಹಿಡಿದು ಕ್ರಿ.ಪೂ. 457ರಿಂದ ಲೆಕ್ಕ ಹಾಕಿದ ಅಮೆರಿಕದ ರೈತ ವಿಲಿಯಂ ಮಿಲ್ಲರ್ ಸಂಭಾವಿತ ಮನುಷ್ಯ, ಮೋಸಗಾರನಲ್ಲ. ಅವನ ಲೆಕ್ಕವನ್ನು ತಿದ್ದಿದ ಅನುಯಾಯಿಗಳು 1844ರ ಅಕ್ಟೋಬರ್ 22ರ ರಾತ್ರಿಯಿಡೀ ಕಾದರು, ಬೆಳಗಾಯಿತು. 2011ರ ಮೇ 21 ಎಂದು ರೇಡಿಯೊದಲ್ಲಿ ಸಾರಿದ ಹೆರಾಲ್ಡ್ ಕ್ಯಾಂಪಿಂಗ್ ಮತ್ತೆ ಅಕ್ಟೋಬರ್‌ಗೆ ಮುಂದೂಡಿ, ಮರುವರ್ಷ ತನ್ನದು ಪಾಪವೆಂದು ಒಪ್ಪಿಕೊಂಡ. ಆ ದಿನವೂ ಗಳಿಗೆಯೂ ಮಗನಿಗೂ ತಿಳಿಯದು ಎಂದು ಮಾರ್ಕ 13:32ರಲ್ಲಿ ಯೇಸುವೇ ಹೇಳಿರುವಾಗ, ತನಗೆ ತಿಳಿದಿದೆ ಎನ್ನುವ ಬೋಧಕ ತಾನು ಎಲ್ಲಿ ನಿಂತಿದ್ದೇನೆಂದು ನೋಡಿಕೊಳ್ಳಬೇಕು.

ಈ ಮಾತನ್ನು ನಾನು ಎತ್ತರದಲ್ಲಿ ನಿಂತು ಹೇಳುತ್ತಿಲ್ಲ. ಸೇವೆಯ ಮೊದಲ ವರ್ಷಗಳಲ್ಲಿ ನಾನೂ ಬಿಳಿ ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆಸಿದ ಕಾಲಪಟವನ್ನು ಪ್ರಸಂಗಪೀಠದ ಹಿಂದಿನ ಗೋಡೆಗೆ ತೂಗುಹಾಕಿ, ಕೋಲು ಹಿಡಿದು ಬೋಧಿಸಿದವನು: ಇಲ್ಲಿ ಏಳು ಮುದ್ರೆ, ಇಲ್ಲಿ ಏಳು ತುತೂರಿ, ಇಲ್ಲಿ ಮಹಾ ಹಿಂಸೆಯ ಏಳು ವರ್ಷ. ಜನ ಕಿಕ್ಕಿರಿದು ಬರುತ್ತಿದ್ದರು, ನನಗೂ ಹಿಗ್ಗಾಗಿತ್ತು. ಒಂದು ಸಂಜೆ ಎಲ್ಲರೂ ಹೋದ ಮೇಲೆ, ಆರು ತಿಂಗಳ ಹಿಂದೆ ಮಗನನ್ನು ಕಳೆದುಕೊಂಡಿದ್ದ ತಾಯಿಯೊಬ್ಬರು ಪಟದ ಹತ್ತಿರ ಬಂದು, ಕೆಂಪು ಗೆರೆಯಿಂದ ನೀಲಿ ಗೆರೆಯವರೆಗೆ ಬೆರಳನ್ನು ನಿಧಾನವಾಗಿ ಎಳೆಯುತ್ತ, “ಅಯ್ಯನವರೇ, ಇದರಲ್ಲಿ ನನ್ನ ಮಗ ಎಲ್ಲಿದ್ದಾನೆ?” ಎಂದು ಕೇಳಿದರು. ಪಟದಲ್ಲಿ ಅವನಿಗೆ ಜಾಗವಿರಲಿಲ್ಲ. ಪುಸ್ತಕದಲ್ಲಿತ್ತು. ಯಜ್ಞವೇದಿಯ ಕೆಳಗಿನಿಂದ ‘ಇನ್ನೆಷ್ಟು ಕಾಲ?’ ಎಂದು ಕೂಗುವ ಆತ್ಮಗಳಿದ್ದವು, ಕಣ್ಣೀರನ್ನೆಲ್ಲ ಒರಸಿಬಿಡುವ ದೇವರಿದ್ದನು, ಅದೂ ಒಂದು ಸಲವಲ್ಲ, 7:17ರಲ್ಲೊಮ್ಮೆ 21:4ರಲ್ಲೊಮ್ಮೆ. ನಾನು ಗೆರೆ ಎಳೆಯುವ ಭರದಲ್ಲಿ ಅವರನ್ನೆಲ್ಲ ಬಿಟ್ಟಿದ್ದೆ. ಆ ಬಟ್ಟೆಯನ್ನು ಮತ್ತೆ ಬಿಚ್ಚಲಿಲ್ಲ.

ಅಂದಿನಿಂದ ನನ್ನ ಬೋಧನೆಗೆ ಐದನೆಯ ಅಧ್ಯಾಯವೇ ಕೀಲಿಕೈ. ಮುದ್ರೆಗಳನ್ನು ಒಡೆಯಲು ಯೋಗ್ಯನಾದವನು ಯಾರೂ ಇಲ್ಲವೆಂದು ಯೋಹಾನನು ಅಳುತ್ತಿರುವಾಗ, ಯೂದ ಕುಲದ ಸಿಂಹವು ಜಯಿಸಿದ್ದಾನೆಂದು ಅವನು ಕೇಳುತ್ತಾನೆ. ತಿರುಗಿ ನೋಡಿದರೆ ಕಾಣುವುದು ಸಿಂಹವಲ್ಲ, ಕೊಯ್ಯಲ್ಪಟ್ಟಂತಿರುವ ಕುರಿಮರಿ. ಅಲ್ಲಿಂದಾಚೆಗೆ ಪುಸ್ತಕದ ಕೊನೆಯವರೆಗೆ ಕ್ರಿಸ್ತನಿಗೆ ಸಿಂಹವೆಂಬ ಹೆಸರು ಮರಳುವುದಿಲ್ಲ. ಕುರಿಮರಿ ಎಂಬುದು ಮತ್ತೆ ಮತ್ತೆ ಬರುತ್ತದೆ. ಏಳನೆಯ ಅಧ್ಯಾಯದಲ್ಲೂ ಇದೇ ಕ್ರಮ: ಕಿವಿಗೆ ಬಿದ್ದದ್ದು 1,44,000 ಎಂಬ ಲೆಕ್ಕ, ಕಣ್ಣಿಗೆ ಬಿದ್ದದ್ದು ಯಾರೂ ಎಣಿಸಲಾಗದ ಸಮೂಹ. 19ನೆಯ ಅಧ್ಯಾಯದಲ್ಲಿ ಬಿಳಿ ಕುದುರೆಯ ಮೇಲೆ ಬರುವಾತನ ಉಡುಪು ಕಾಳಗ ಶುರುವಾಗುವ ಮೊದಲೇ ರಕ್ತದಲ್ಲಿ ಅದ್ದಿದೆ, ಅವನ ಕತ್ತಿ ಇರುವುದು ಬಾಯಲ್ಲಿ, ಕೈಯಲ್ಲಲ್ಲ. ಮೃಗದ ರೀತಿ ಇದಕ್ಕೆ ವಿರುದ್ಧ. ‘ಇದರ ಮೇಲೆ ಯುದ್ಧಮಾಡುವುದಕ್ಕೆ ಯಾರಿಂದಾದೀತು?’ ಎಂದು ಜನ ಬೆರಗಾಗಿ ಅಡ್ಡಬೀಳುತ್ತಾರೆ. ಬೀಳದವರಿಗೆ ಹಸಿವು ಮತ್ತು ಕೊಲೆ. ಆದ್ದರಿಂದಲೇ ನಾನು ನನ್ನ ಪ್ರಸಂಗವನ್ನು ಒಂದು ಪ್ರಶ್ನೆಯಿಂದ ತೂಗಿ ನೋಡುತ್ತೇನೆ: ಇವತ್ತು ಜನ ತಲೆಬಾಗಿದ್ದು ಕುರಿಮರಿಯನ್ನು ಕಂಡೋ, ನಾನು ಹೆದರಿಸಿದ್ದಕ್ಕೋ? ಹೆದರಿಸಿದ್ದಕ್ಕಾದರೆ ನಾನು ಕ್ರಿಸ್ತನ ಹೆಸರಿನಲ್ಲಿ ಮೃಗದ ಹತ್ಯಾರವನ್ನು ಬಳಸಿದ್ದೇನೆ.

ಹಾಗೆಂದು ನ್ಯಾಯತೀರ್ಪನ್ನು ನುಂಗಿಬಿಡಬೇಡಿ. ಪುಸ್ತಕದಲ್ಲಿ ಭಯವೇ ಇಲ್ಲವೆನ್ನುವುದೂ ಸುಳ್ಳು. ಆದರೆ ಆ ತೀರ್ಪು ಯಾರ ಮೇಲೆ ಮೊದಲು ಬೀಳುತ್ತದೆ ನೋಡಿ. ಏಳು ಸಭೆಗಳಲ್ಲಿ ಐದಕ್ಕೆ ಮಾನಸಾಂತರಪಡು ಎಂಬ ಗದರಿಕೆ ಬಂದಿದೆ, ಸ್ಮುರ್ನಕ್ಕೂ ಫಿಲದೆಲ್ಫಿಯಕ್ಕೂ ಮಾತ್ರ ಇಲ್ಲ. 18ನೆಯ ಅಧ್ಯಾಯದಲ್ಲಿ ಬಾಬೆಲಿನ ವರ್ತಕರ ಸರಕಿನ ಪಟ್ಟಿ ಚಿನ್ನದಿಂದ ಶುರುವಾಗಿ ದಾಲ್ಚಿನ್ನಿ, ದ್ರಾಕ್ಷಾರಸ, ಗೋಧಿ, ಕುದುರೆಗಳನ್ನು ದಾಟಿ ಮನುಷ್ಯರ ಪ್ರಾಣಗಳಲ್ಲಿ ಮುಗಿಯುತ್ತದೆ. ಈ ಪಟ್ಟಿಯನ್ನು ಯಾವ ವ್ಯಾಖ್ಯಾನವನ್ನೂ ಸೇರಿಸದೆ ನಿಧಾನವಾಗಿ ಓದಿ ಸುಮ್ಮನೆ ನಿಲ್ಲಿ, ಸಾಕು. ಒಂದು ದೇಶವನ್ನೋ ಇನ್ನೊಂದು ಧರ್ಮದವರನ್ನೋ ನೆರೆಯ ಸಭೆಯನ್ನೋ ಮೃಗವೆಂದು ಬೆರಳು ಮಾಡಿ ತೋರಿಸುವುದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಪೋಪನಿಂದ ಹಿಡಿದು ನೆಪೋಲಿಯನ್, ಮುಸ್ಸೋಲಿನಿಯವರೆಗೆ ಎಷ್ಟೋ ಜನರಿಗೆ ಆ ಪಟ್ಟ ಕಟ್ಟಿದ್ದಾಗಿದೆ. ಕಟ್ಟಿದವರು ತಮ್ಮ ಮಾತನ್ನು ಹಿಂತೆಗೆದುಕೊಂಡದ್ದು ಅಪರೂಪ, ಬಿತ್ತಿದ ದ್ವೇಷ ಮಾತ್ರ ಉಳಿಯಿತು.

ಎಂಟು ವಾರಗಳ ವಿಷಯ. ಪ್ರಸಂಗವಿಲ್ಲದೆ ಒಂದು ಸಂಜೆ ಇಡೀ ಪುಸ್ತಕವನ್ನು ಗಟ್ಟಿಯಾಗಿ ಓದಿಸಿ. ಸರದಿಯ ಮೇಲೆ ಓದಿದರೆ ಸುಮಾರು ಒಂದೂವರೆ ಗಂಟೆ ಹಿಡಿದೀತು. ಓದುವವನೂ ಕೇಳುವವರೂ ಧನ್ಯರು ಎಂದು 1:3 ಹೇಳುವುದು ಹೀಗೆ ಓದುವುದನ್ನೇ. ಅದರಲ್ಲಿ ಎಷ್ಟು ಹಾಡುಗಳಿವೆಯೆಂದು ಜನರಿಗೆ ಆಗಲೇ ತಿಳಿಯುತ್ತದೆ. ಬಳಿಕ ಸಭೆಗಳಿಗೆ ಬರೆದ ಪತ್ರಗಳಿಗೆ ಎರಡು ವಾರ, ಸಿಂಹಾಸನ ಮತ್ತು ಕುರಿಮರಿಗೆ ಒಂದು ಪೂರ್ತಿ ವಾರ ಕೊಡಿ. ಅಲ್ಲಿಯವರೆಗೆ ಮೃಗದ ಸುದ್ದಿಗೆ ಹೋಗಲೇಬೇಡಿ. ಸಾವಿರ ವರ್ಷದ ವಿಷಯದಲ್ಲಿ ಆದಿಸಭೆಯ ಬೋಧಕರಲ್ಲಿ ಜಸ್ಟಿನ್ ಮತ್ತು ಐರೇನಿಯಸ್ ಒಂದು ಬಗೆಯಾಗಿ, ಅಗಸ್ಟಿನ್ ಇನ್ನೊಂದು ಬಗೆಯಾಗಿ ನಂಬಿದ್ದರೆಂದು ತಿಳಿಸಿ, ನಿಮ್ಮ ಸಭೆಯ ಬೋಧನೆ ಯಾವುದೋ ಅದನ್ನು ಹೇಳಿ ಮುಂದೆ ಸಾಗಿ. ಆತನು ಮಹಿಮೆಯಿಂದ ತಿರಿಗಿ ಬರುವನು, ಆತನ ರಾಜ್ಯಕ್ಕೆ ಅಂತ್ಯವಿಲ್ಲ ಎಂಬ ನೈಸಿಯ ವಿಶ್ವಾಸಪ್ರಮಾಣದ ಮಾತಿನಲ್ಲಿ ಇವರೆಲ್ಲ ಒಂದಾಗಿ ನಿಲ್ಲುತ್ತಾರೆ. ಹೀಗೆ ಬೋಧಿಸಿದರೆ ಕೆಲವರು ನಿಮ್ಮನ್ನು ಪ್ರವಾದನೆಯನ್ನು ನಂಬದವನೆಂದು ಆಡಿಕೊಳ್ಳುತ್ತಾರೆ, ಒಂದಿಬ್ಬರು ಸಭೆ ಬಿಟ್ಟೂ ಹೋಗಬಹುದು. ಪ್ರತಿ ವಾರ ಪ್ರಸಂಗದ ನಂತರ ಅರ್ಧ ಗಂಟೆ ಪ್ರಶ್ನೆಗಳಿಗೆ ಕೂತರೆ ಆ ಸಂಖ್ಯೆ ಕಡಿಮೆಯಾಗುತ್ತದೆ ಎಂಬುದು ನನ್ನ ಅನುಭವ.

ಇನ್ನು ಆ ಹುಡುಗಿ. ಅವಳನ್ನು ಹೆದರಿಸುತ್ತಿರುವ ವಚನ ಪ್ರಕಟನೆಯದಲ್ಲ, ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದ 4:17. ಸತ್ತ ಬಂಧುಗಳಿಗಾಗಿ ಅಳುತ್ತಿದ್ದವರಿಗೆ ಪೌಲನು ಅದನ್ನು ಬರೆದನು. ಮುಂದಿನ ವಚನದಲ್ಲೇ, ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿರಿ ಎನ್ನುತ್ತಾನೆ. ಅಲ್ಲಿರುವುದು ಕರ್ತನನ್ನು ‘ಎದುರುಗೊಳ್ಳುವ’ ಮಾತು, ಬರುವ ಗಣ್ಯರನ್ನು ಊರ ಹೊರಗೆ ಹೋಗಿ ಕರೆತರುವುದಕ್ಕೆ ಬಳಸುತ್ತಿದ್ದ ಪದ. ಸಭೆಯನ್ನು ಮೊದಲು ಗುಟ್ಟಾಗಿ ಎತ್ತಿಕೊಂಡು ಆಮೇಲೆ ಮಹಾ ಹಿಂಸೆ ಬರುತ್ತದೆಂಬ ಕ್ರಮ ವ್ಯಾಪಕವಾದದ್ದು 1830ರ ದಶಕದಲ್ಲಿ ಜಾನ್ ನೆಲ್ಸನ್ ಡಾರ್ಬಿಯ ಬೋಧನೆಯಿಂದ, ಮುಂದೆ 1909ರಲ್ಲಿ ಅಚ್ಚಾದ ಸ್ಕೋಫೀಲ್ಡ್‌ನ ಟಿಪ್ಪಣಿಗಳುಳ್ಳ ಸತ್ಯವೇದದಿಂದ. ಆ ಕ್ರಮವನ್ನು ಪ್ರಾಮಾಣಿಕವಾಗಿ ನಂಬುವವರು ಬಹಳ ಮಂದಿ ಇದ್ದಾರೆ, ನಿಮ್ಮ ಸಭೆಯಲ್ಲೂ ಇರಬಹುದು. ಅದನ್ನು ನಂಬುವವರೂ ಒಂದನ್ನು ಒಪ್ಪುತ್ತಾರೆ: ಮಕ್ಕಳನ್ನು ಹತ್ತಿರ ಕರೆದು ಅಪ್ಪಿಕೊಂಡ ಯೇಸು ಒಂದು ಮಗುವನ್ನು ಖಾಲಿ ಮನೆಯಲ್ಲಿ ಮರೆತು ಹೋಗುವವನಲ್ಲ. ಇದನ್ನು ಅವಳಿಗೆ ಪ್ರಸಂಗಪೀಠದಿಂದ ಹೇಳಬೇಡಿ, ಎಂಟು ವಾರ ಕಾಯಲೂ ಬೇಡಿ. ಈ ವಾರವೇ ಅವರ ಮನೆಗೆ ಹೋಗಿ, ತಂದೆತಾಯಿಗಳ ಎದುರಿನಲ್ಲಿ, ಅವಳ ಪಕ್ಕದಲ್ಲಿ ಕೂತು ಆ ಎರಡು ವಚನಗಳನ್ನು ಓದಿ. ಯಾವ ವಿಡಿಯೊ ನೋಡಿದ ಮೇಲೆ ಇದು ಶುರುವಾಯಿತೆಂದು ಕೇಳಿ ತಿಳಿದುಕೊಳ್ಳಿ. ತಾವು ಹೊರಗೆ ಹೋಗುವಾಗ ಬಾಗಿಲ ಬಳಿ ಒಂದು ಚೀಟಿ ಬರೆದಿಡುವಂತೆ ತಾಯಿಗೆ ಹೇಳಿ. ತಿಂಗಳು ಕಳೆದರೂ ಅಳು ನಿಲ್ಲದಿದ್ದರೆ, ನಿದ್ದೆ ಕೆಡುತ್ತಿದ್ದರೆ, ಮಕ್ಕಳ ಮನಸ್ಸಿನ ವೈದ್ಯರ ಬಳಿಗೆ ಕರೆದೊಯ್ಯಲು ನೀವೇ ಜೊತೆಗೆ ಹೋಗಿ.